ನೋವಿಗೂ ಒಂದು ಪುಟಸಂಖ್ಯೆ

ಲಂಡನ್ನಿನ ಕಿಂಗ್ಸ್‌ವೇ ರಸ್ತೆಯಲ್ಲಿ ವಿಕ್ಟರಿ ಹೌಸ್ ಎಂಬ ಕಟ್ಟಡವಿದೆ. ಒಳಗೆ ಎರಡು ಕಾಯುವ ಕೋಣೆಗಳು. ಒಂದರಲ್ಲಿ ಕೆಲಸ ಕಳೆದುಕೊಂಡವರು ಕೂರುತ್ತಾರೆ, ಇನ್ನೊಂದರಲ್ಲಿ ಅವರನ್ನು ಕೆಲಸದಿಂದ ತೆಗೆದವರು. ಮೊನ್ನೆ ಮೊನ್ನೆಯವರೆಗೆ ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿದವರು ಈಗ ಎದುರಾದರೆ ಮುಖ ತಿರುಗಿಸುತ್ತಾರೆ. ಇದು ಲಂಡನ್ ನಗರದ ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್, ಅಂದರೆ ಉದ್ಯೋಗ ನ್ಯಾಯಮಂಡಳಿ. ಗಾಲಿ ಪೆಟ್ಟಿಗೆಯ ತುಂಬ ಕಡತ ಹೇರಿಕೊಂಡು ಎರಡೂ ಕೋಣೆಗಳಿಗೆ ಬರುವವರು ಉದ್ಯೋಗ ಕಾನೂನಿನ ಬ್ಯಾರಿಸ್ಟರುಗಳು.

ಬ್ಯಾರಿಸ್ಟರ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಿಳಿಯ ವಿಗ್ಗು, ಕರಿಯ ನಿಲುವಂಗಿ. ಇಲ್ಲಿ ಅವೆರಡೂ ಇಲ್ಲ. ವಕೀಲರು ಸಾದಾ ಸೂಟಿನಲ್ಲಿ ಬರುತ್ತಾರೆ, ಕುಳಿತೇ ವಾದಿಸುತ್ತಾರೆ. ಸಾಮಾನ್ಯ ದುಡಿಮೆಗಾರ ಬಂದು ತನ್ನ ಮಾತು ತಾನೇ ಹೇಳಿಕೊಳ್ಳುವಂತಿರಬೇಕು, ಅವನಿಗೆ ಅಂಜಿಕೆಯಾಗಬಾರದು ಎಂಬುದು ಈ ವ್ಯವಸ್ಥೆಯ ಮೂಲ ಆಶಯ.

ಇಂಗ್ಲೆಂಡಿನಲ್ಲಿ ವಕೀಲಿ ವೃತ್ತಿ ಇಂದಿಗೂ ಎರಡು ಕವಲು. ಕಕ್ಷಿದಾರ ಸಾಮಾನ್ಯವಾಗಿ ಮೊದಲು ಹೋಗುವುದು ಸಾಲಿಸಿಟರ್ ಬಳಿಗೆ. ಪತ್ರ ವ್ಯವಹಾರ, ದಾಖಲೆ ಸಂಗ್ರಹ ಅವರದು. ನ್ಯಾಯಪೀಠದ ಮುಂದೆ ವಾದ ಮಾಡುವುದು, ತೊಡಕಿನ ವಿಷಯದಲ್ಲಿ ಅಭಿಪ್ರಾಯ ಕೊಡುವುದು ಬ್ಯಾರಿಸ್ಟರ್ ಕೆಲಸ. ಲಿಂಕನ್ಸ್ ಇನ್, ಗ್ರೇಸ್ ಇನ್, ಮಿಡ್ಲ್ ಟೆಂಪಲ್, ಇನ್ನರ್ ಟೆಂಪಲ್ ಎಂಬ ನಾಲ್ಕು ಪುರಾತನ ಸಂಸ್ಥೆಗಳಲ್ಲಿ ಒಂದಕ್ಕೆ ಸೇರಿದ ಮೇಲೆಯೇ ಸನ್ನದು. ಗಾಂಧೀಜಿ 1891ರಲ್ಲಿ ಇನ್ನರ್ ಟೆಂಪಲ್‌ನಿಂದ, ಅಂಬೇಡ್ಕರ್ 1922ರಲ್ಲಿ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆದರು. ಬ್ಯಾರಿಸ್ಟರುಗಳು ಬಹುಪಾಲು ಯಾರ ಕೈಕೆಳಗಿನ ನೌಕರರೂ ಅಲ್ಲ. ಹತ್ತಾರು ಮಂದಿ ಸೇರಿ ‘ಚೇಂಬರ್ಸ್’ ಎಂಬ ಕಚೇರಿ ನಡೆಸುತ್ತಾರೆ. ಬಾಡಿಗೆಯನ್ನೂ ಗುಮಾಸ್ತರ ಸಂಬಳವನ್ನೂ ಹಂಚಿಕೊಳ್ಳುತ್ತಾರೆ. ಸಂಪಾದನೆ ಮಾತ್ರ ಅವರವರದು. ಯಾವ ಕೇಸು ಯಾರಿಗೆ, ಫೀಸು ಎಷ್ಟು ಎಂದು ಹೊಂದಿಸುವವರು ಆ ಗುಮಾಸ್ತರು. ಹೀಗಾಗಿ ಒಂದೇ ಚೇಂಬರ್ಸ್‌ನ ಇಬ್ಬರು ಒಂದೇ ಮೊಕದ್ದಮೆಯಲ್ಲಿ ಎದುರುಬದುರು ನಿಲ್ಲುವುದೂ ಉಂಟು.

ಈ ವೃತ್ತಿಗೆ ‘ಕ್ಯಾಬ್ ರ‍್ಯಾಂಕ್’ ಎಂಬ ಹಳೆಯ ಕಟ್ಟಳೆಯಿದೆ. ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ ಸರದಿಯ ಮುಂದಿರುವ ಗಾಡಿಯವನು ಬಂದ ಪ್ರಯಾಣಿಕನನ್ನು ಒಲ್ಲೆ ಎನ್ನಬಾರದು. ಹಾಗೆಯೇ ತನ್ನ ಪರಿಣತಿಯ ಕೇಸು, ಸರಿಯಾದ ಫೀಸು, ಬಿಡುವು ಮೂರೂ ಇದ್ದಾಗ ‘ಈ ಕಕ್ಷಿದಾರ ನನಗೆ ಹಿಡಿಸುವುದಿಲ್ಲ’ ಎಂದು ಬ್ಯಾರಿಸ್ಟರ್ ಹಿಂದೆ ಸರಿಯುವಂತಿಲ್ಲ. ಆದ್ದರಿಂದಲೇ ಈ ಕ್ಷೇತ್ರದ ಅನೇಕರು ಈ ವಾರ ಕಾರ್ಮಿಕನ ಪರ, ಮುಂದಿನ ವಾರ ಕಂಪನಿಯ ಪರ. ಎರಡೂ ಕಾಯುವ ಕೋಣೆಗಳ ಸಂಕಟ ಅವರಿಗೆ ಗೊತ್ತು.

ನ್ಯಾಯಮಂಡಳಿ ಹುಟ್ಟಿದ್ದು 1964ರಲ್ಲಿ, ಇಂಡಸ್ಟ್ರಿಯಲ್ ಟ್ರಿಬ್ಯುನಲ್ ಎಂಬ ಹೆಸರಿನಲ್ಲಿ. ಆಗ ಅದರ ಕೆಲಸ ತರಬೇತಿ ತೆರಿಗೆಯ ತಕರಾರು ಬಗೆಹರಿಸುವುದಷ್ಟೇ. 1971ರ ಕಾಯ್ದೆ ‘ಅನ್ಯಾಯದ ವಜಾ’ಕ್ಕೆ ಪರಿಹಾರ ಕೇಳುವ ಹಕ್ಕು ಕೊಟ್ಟಾಗ ಅದರ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ನೋಟಿಸ್ ಅವಧಿಯ ಸಂಬಳ ಎಣಿಸಿಕೊಟ್ಟರೆ ಮಾಲೀಕ ಕಾರಣವನ್ನೇ ಹೇಳಬೇಕಿರಲಿಲ್ಲ. 1998ರಲ್ಲಿ ಈಗಿನ ಹೆಸರು ಬಂತು. ಕೆಲವು ಪ್ರಕರಣಗಳಲ್ಲಿ ನ್ಯಾಯಾಧೀಶರು ಒಬ್ಬರೇ ಕೂರುತ್ತಾರೆ. ಇನ್ನು ಕೆಲವಲ್ಲಿ ಮಾಲೀಕರ ಕಡೆಯ ಅನುಭವವಿರುವ ಒಬ್ಬರು, ದುಡಿಯುವವರ ಕಡೆಯ ಅನುಭವವಿರುವ ಇನ್ನೊಬ್ಬರು ಅವರ ಅಕ್ಕಪಕ್ಕದಲ್ಲಿರುತ್ತಾರೆ. ಕಾನೂನು ಬಲ್ಲವರ ಜೊತೆಗೆ ಕಾರ್ಖಾನೆ ಬಲ್ಲವರೂ ತೀರ್ಪಿನಲ್ಲಿ ಪಾಲುಗೊಳ್ಳುವ ಈ ಪದ್ಧತಿ ನನಗೆ ಬಹಳ ಮೆಚ್ಚುಗೆಯದು.

ಇನ್ನು ಕಸುಬಿನ ಒಳಗೆ ಹೋಗೋಣ. ಕೆಲಸ ಹೋದವರು ಬ್ಯಾರಿಸ್ಟರ್ ಮುಂದೆ ಕುಳಿತಾಗ ಮಾತು ಸಾಲಾಗಿ ಬರುವುದಿಲ್ಲ. ಮ್ಯಾನೇಜರ್ ಎಲ್ಲರೆದುರು ಬೈದದ್ದು, ಹೆರಿಗೆ ರಜೆಯಿಂದ ಮರಳಿದಾಗ ತನ್ನ ಕುರ್ಚಿಯಲ್ಲಿ ಬೇರೆಯವರು ಇದ್ದದ್ದು, ಮನೆ ಕಂತು, ನಿದ್ದೆ ಬಾರದ ರಾತ್ರಿಗಳು ಎಲ್ಲವೂ ಒಟ್ಟಿಗೆ ಉಕ್ಕುತ್ತವೆ. ಬ್ಯಾರಿಸ್ಟರ್ ತಾಳ್ಮೆಯಿಂದ ಕೇಳುತ್ತಾರೆ. ಆಮೇಲೆ ಅವರು ಕೇಳುವ ಪ್ರಶ್ನೆಗಳು ಚಿಕ್ಕವು: ಏನಾಯಿತು? ಯಾವ ದಿನ? ಯಾರಿದ್ದರು? ಕಾಗದ ಎಲ್ಲಿದೆ? ತಾರೀಖಿಗೆ ಇಷ್ಟು ಬೆಲೆ ಬಂದಿರುವುದಕ್ಕೆ ಕಾರಣವಿದೆ. ವಜಾ ಆದವರು ಮಂಡಳಿಯ ಮೆಟ್ಟಿಲೇರಲು ಬಹುಕಾಲದಿಂದ ನಡೆದುಬಂದ ಗಡುವು ಬರೀ ಮೂರು ತಿಂಗಳು. ಅದಕ್ಕೆ ಮೊದಲು ಏಕಾಸ್ ಎಂಬ ಸಂಧಾನ ಸಂಸ್ಥೆಗೆ ತಿಳಿಸಿರಬೇಕು. ನ್ಯಾಯ ನಿಮ್ಮ ಕಡೆಗೇ ಇದ್ದರೂ ಒಂದು ದಿನ ತಡವಾದರೆ ಬಾಗಿಲು ಮುಚ್ಚಬಹುದು.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ವೃದ್ಧಾಶ್ರಮದಲ್ಲಿ ಹನ್ನೊಂದು ವರ್ಷ ರಾತ್ರಿಪಾಳಿ ಮಾಡಿದ ಆರೈಕೆ ಸಹಾಯಕಿ. ಒಂದು ರಾತ್ರಿ ಮೂರು ಗಂಟೆಗೆ ನಿದ್ದೆ ಮಾಡುತ್ತಿದ್ದಳೆಂದು ಆರೋಪ ಹೊರಿಸಿ ಕೆಲಸದಿಂದ ತೆಗೆದರು. ಅವಳು ನಿಜಕ್ಕೂ ನಿದ್ದೆ ಮಾಡಿದಳೇ ಎಂಬುದೇ ಮೊಕದ್ದಮೆಯ ಮುಖ್ಯ ಪ್ರಶ್ನೆ ಎಂದು ನಾವು ನೀವು ಅಂದುಕೊಳ್ಳುತ್ತೇವೆ. ಕಾನೂನು ಕೇಳುವುದು ಬೇರೆ. ಬ್ರಿಟಿಷ್ ಹೋಮ್ ಸ್ಟೋರ್ಸ್ ವಿರುದ್ಧ ಬರ್ಚೆಲ್ ಎಂಬ 1978ರ ತೀರ್ಪು ಹಾಕಿಕೊಟ್ಟ ದಾರಿಯಂತೆ ಪ್ರಶ್ನೆಗಳು ಇವು: ಅವಳು ತಪ್ಪು ಮಾಡಿದಳೆಂದು ಮಾಲೀಕ ಮನಸಾರೆ ನಂಬಿದ್ದನೇ? ಆ ನಂಬಿಕೆಗೆ ತಕ್ಕ ಆಧಾರವಿತ್ತೇ? ನಂಬುವ ಮೊದಲು ಸರಿಯಾಗಿ ವಿಚಾರಿಸಿದ್ದನೇ? ಇದರ ಜೊತೆಗೆ ಇನ್ನೊಂದು: ವಿವೇಕವಿರುವ ಮಾಲೀಕ ಈ ತಪ್ಪಿಗೆ ಕೆಲಸದಿಂದಲೇ ತೆಗೆಯಬಹುದಿತ್ತೇ? ಮಂಡಳಿ ತಾನೇ ಮಾಲೀಕನ ಕುರ್ಚಿಯಲ್ಲಿ ಕೂತು ನಿರ್ಧರಿಸುವಂತಿಲ್ಲ. ಹಾಗಾಗಿ ‘ನಾನು ನಿದ್ದೆ ಮಾಡಲಿಲ್ಲ ಸಾರ್’ ಎಂಬ ಅವಳ ಅಳುವನ್ನು ‘ಇವರು ಸರಿಯಾಗಿ ವಿಚಾರಿಸಲಿಲ್ಲ’ ಎಂಬ ಮಾತಾಗಿ ತಿರುಗಿಸುವುದೇ ಬ್ಯಾರಿಸ್ಟರ್‌ನ ಮೊದಲ ಕೌಶಲ.

ಎರಡನೆಯದು ಕಡತ ಓದುವುದು. ಎರಡೂ ಕಡೆಯವರು ತಮಗೆ ಪ್ರತಿಕೂಲವಾದ ದಾಖಲೆಗಳನ್ನೂ ಮುಂದಿಡಬೇಕು. ಇ-ಮೇಲ್, ಹಾಜರಿ ಪಟ್ಟಿ, ಸಭೆಯ ಟಿಪ್ಪಣಿ ಎಲ್ಲ ಸೇರಿ ‘ಬಂಡಲ್’ ಎಂಬ ಒಂದೇ ಕಟ್ಟಾಗುತ್ತದೆ. ಪ್ರತಿ ಹಾಳೆಗೂ ಪುಟಸಂಖ್ಯೆ ಬೀಳುತ್ತದೆ. ನೂರಾರು ಪುಟಗಳಲ್ಲಿ ಕೇಸು ಗೆಲ್ಲಿಸುವ ಹಾಳೆ ಒಂದೋ ಎರಡೋ. ಹಿಂದಿನ ರಾತ್ರಿ ಅದನ್ನು ಹುಡುಕಿ, ಅಂಚಿಗೆ ಬಣ್ಣದ ಚೀಟಿ ಅಂಟಿಸಿಟ್ಟುಕೊಂಡವರೇ ಬೆಳಿಗ್ಗೆ ನೆಮ್ಮದಿಯಿಂದ ಬರುತ್ತಾರೆ.

ಮೂರನೆಯದು ಪಾಟೀಸವಾಲು. ಇಲ್ಲಿ ಸಾಕ್ಷಿಗಳ ಹೇಳಿಕೆ ಮೊದಲೇ ಬರಹದಲ್ಲಿ ಸಲ್ಲಿಕೆಯಾಗಿ, ನ್ಯಾಯಾಧೀಶರು ಓದಿಕೊಂಡಿರುತ್ತಾರೆ. ಸಾಕ್ಷಿ ಪ್ರಮಾಣ ಮಾಡಿದ ಸ್ವಲ್ಪ ಹೊತ್ತಿಗೇ ಸವಾಲು ಶುರು. ನಮ್ಮ ಉದಾಹರಣೆಯ ಮ್ಯಾನೇಜರ್ ಈಗ ಸಾಕ್ಷಿಯ ಕುರ್ಚಿಯಲ್ಲಿದ್ದಾರೆ ಎನ್ನಿ.

‘ಆಕೆಯ ವಿವರಣೆ ಕೇಳಲು ಸಭೆ ಕರೆದದ್ದು ಎಷ್ಟು ಗಂಟೆಗೆ?’

‘ಹನ್ನೊಂದಕ್ಕೆ.’

‘ಆಕೆ ಹೇಳಿದ್ದನ್ನೆಲ್ಲ ಕೇಳಿ ಆಮೇಲೆ ನಿರ್ಧಾರ ಮಾಡಿದಿರಿ?’

‘ಹೌದು.’

‘ಪುಟ 212 ತೆಗೆಯಿರಿ. ನೀವು ಎಚ್‌ಆರ್ ವಿಭಾಗಕ್ಕೆ ಕಳಿಸಿದ ಇ-ಮೇಲ್. ಅದರ ಸಮಯ ಓದುತ್ತೀರಾ?’

‘...ಹತ್ತು ಗಂಟೆ ಹದಿನಾರು ನಿಮಿಷ.’

‘ಜೊತೆಗೆ ಲಗತ್ತಿಸಿರುವುದು?’

‘ವಜಾ ಪತ್ರದ ಕರಡು.’

ಒಳ್ಳೆಯ ಬ್ಯಾರಿಸ್ಟರ್ ಇಲ್ಲಿಗೆ ನಿಲ್ಲಿಸುತ್ತಾರೆ. ‘ಹಾಗಾದರೆ ನೀವು ಮೊದಲೇ ತೀರ್ಮಾನಿಸಿದ್ದಿರಿ ತಾನೇ’ ಎಂದು ಅಬ್ಬರಿಸಿದರೆ, ಸುಮ್ಮನೆ ತಯಾರಾಗಿರಲೆಂದು ಬರೆದಿಟ್ಟೆ ಎನ್ನಲು ಸಾಕ್ಷಿಗೆ ಎಡೆ ಕೊಟ್ಟಂತೆ. ನ್ಯಾಯಾಧೀಶರ ಪೆನ್ನು ಓಡಿ ನಿಲ್ಲುವವರೆಗೆ ಕಾದು, ಮುಂದಿನ ಪುಟಕ್ಕೆ ಹೋಗುವುದೇ ಜಾಣತನ.

ಗೆದ್ದರೂ ಇಲ್ಲೊಂದು ಕಷ್ಟವಿದೆ. ಸಾಮಾನ್ಯವಾಗಿ ಸೋತವರು ಗೆದ್ದವರ ಖರ್ಚು ಕೊಡಬೇಕಿಲ್ಲ. ಅವರವರ ಫೀಸು ಅವರವರದೇ. ದೊಡ್ಡ ಸಂಸ್ಥೆಗೆ ಅದು ಸಣ್ಣ ಬಾಬ್ತು, ಸಂಬಳ ನಿಂತವರಿಗೆ ಬೆಟ್ಟ. ಆದ್ದರಿಂದ ‘ಈ ಕೇಸು ನಡೆಸಬೇಡಿ, ರಾಜಿಯಾಗಿ’ ಎಂದು ಕಕ್ಷಿದಾರನಿಗೆ ಮನದಟ್ಟು ಮಾಡುವುದೂ ಈ ವೃತ್ತಿಯ ಪ್ರಾಮಾಣಿಕ ಭಾಗ. 1972ರಲ್ಲಿ ಹುಟ್ಟಿದ ಫ್ರೀ ರೆಪ್ರಸೆಂಟೇಶನ್ ಯೂನಿಟ್ ಎಂಬ ಸಂಸ್ಥೆಯ ಮೂಲಕ ಕಾನೂನು ವಿದ್ಯಾರ್ಥಿಗಳು, ತರುಣ ವಕೀಲರು ಇಂಥವರ ಪರ ಉಚಿತವಾಗಿ ವಾದಿಸುತ್ತಾರೆ. ಎಷ್ಟೋ ಬ್ಯಾರಿಸ್ಟರುಗಳ ಮೊದಲ ಪಾಟೀಸವಾಲು ನಡೆಯುವುದು ಇಲ್ಲೇ.

2013ರ ಜುಲೈನಲ್ಲಿ ಸರ್ಕಾರ ಆ ಬೆಟ್ಟದ ಮೇಲೆ ಇನ್ನೊಂದು ಬಂಡೆ ಇಟ್ಟಿತು. ಅನ್ಯಾಯದ ವಜಾ ಅಥವಾ ತಾರತಮ್ಯದ ದೂರು ಕೊನೆಯವರೆಗೆ ನಡೆಯಬೇಕಾದರೆ ಒಟ್ಟು 1,200 ಪೌಂಡ್ ಶುಲ್ಕ ಕಟ್ಟಬೇಕಿತ್ತು. ಸಂಬಳ ಬಾಕಿಯಂಥ ಸರಳ ದೂರಿಗೂ 390 ಪೌಂಡ್. ದೂರುಗಳ ಸಂಖ್ಯೆ ಸುಮಾರು ಮೂರನೇ ಎರಡು ಭಾಗದಷ್ಟು ಕುಸಿಯಿತು. ಯುನಿಸನ್ ಎಂಬ ಕಾರ್ಮಿಕ ಸಂಘ ಕೋರ್ಟಿಗೆ ಹೋಗಿ ಕೆಳಗಿನ ಹಂತಗಳಲ್ಲಿ ಸೋತಿತು, ಆದರೂ ಬಿಡಲಿಲ್ಲ. ಡೈನಾ ರೋಸ್ ಮೊದಲಾದ ಬ್ಯಾರಿಸ್ಟರುಗಳು ಸುಪ್ರೀಂ ಕೋರ್ಟಿನಲ್ಲಿ ಅದರ ಪರ ವಾದಿಸಿದರು. 2017ರ ಜುಲೈ 26ರಂದು ಏಳು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಶುಲ್ಕವನ್ನು ರದ್ದುಮಾಡಿತು. ನ್ಯಾಯಾಲಯದ ಬಾಗಿಲು ಜನರಿಗೆ ಎಟುಕದಿದ್ದರೆ ಸಂಸತ್ತು ಕೊಟ್ಟ ಹಕ್ಕು ಬರೀ ಕಾಗದವಾಗುತ್ತದೆ ಎಂಬುದು ಆ ತೀರ್ಪಿನ ಸಾರ. ಕಟ್ಟಿಸಿಕೊಂಡ ಹಣವನ್ನು ಸರ್ಕಾರ ಮರಳಿಸಬೇಕಾಯಿತು. ಉದ್ಯೋಗ ಕಾನೂನಿನ ವಕೀಲರು ದುಡಿಯುವವರಿಗೆ ಮಾಡಿದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ.

ಸುಮಾರು ನಾಲ್ಕು ವರ್ಷಗಳ ಬಳಿಕ ಊಬರ್ ಚಾಲಕರ ಸರದಿ. ‘ನೀವು ಸ್ವತಂತ್ರ ಉದ್ದಿಮೆದಾರರು’ ಎಂದು ಕಂಪನಿಯ ಕರಾರುಪತ್ರ ಹೇಳುತ್ತಿತ್ತು. ಆದರೆ ಬಾಡಿಗೆ ದರ ಗೊತ್ತುಮಾಡುವುದು ಕಂಪನಿ. ಕರೆಗಳನ್ನು ಮತ್ತೆ ಮತ್ತೆ ನಿರಾಕರಿಸಿದರೆ ಆ್ಯಪ್‌ನಿಂದ ಹೊರಹಾಕುವುದೂ ಕಂಪನಿ. 2016ರಲ್ಲಿ ನ್ಯಾಯಮಂಡಳಿ ಚಾಲಕರ ಪರ ಹೇಳಿದ್ದನ್ನು 2021ರ ಫೆಬ್ರುವರಿ 19ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕಾಗದದ ಮೇಲಿನ ಹೆಸರಿಗಿಂತ ದಿನನಿತ್ಯದ ದುಡಿಮೆಯ ನಿಜವನ್ನೇ ನೋಡಬೇಕೆಂದಿತು. ಚಾಲಕರಿಗೆ ಕನಿಷ್ಠ ವೇತನ, ಸಂಬಳಸಹಿತ ರಜೆಯ ಹಕ್ಕು ಸಿಕ್ಕಿತು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಾಗ ಹಿಡಿದದ್ದು ಬೇರೆ ದಾರಿ. ಅದು ಕಲ್ಯಾಣ ಮಂಡಳಿಯ ದಾರಿ. ಆದರೆ ಬೆಂಗಳೂರಿನ ಸಿಗ್ನಲ್ಲಿನಲ್ಲಿ ಮೊಬೈಲ್ ನೋಡುತ್ತ ನಿಂತ ಹುಡುಗನ ಮಾಲೀಕ ಯಾರು ಎಂಬ ಪ್ರಶ್ನೆ ಅದೇ.

ಇನ್ನೊಂದು ಪ್ರಕರಣವಂತೂ ನೇರ ನಮ್ಮ ಮನೆಯೊಳಗಿನದು. ಬಿಹಾರದ ಆದಿವಾಸಿ ಹೆಣ್ಣುಮಗಳೊಬ್ಬಳನ್ನು ಭಾರತೀಯ ಮೂಲದ ಕುಟುಂಬವೊಂದು ಇಂಗ್ಲೆಂಡಿನಲ್ಲಿ ಮನೆಗೆಲಸಕ್ಕೆ ಇಟ್ಟುಕೊಂಡಿತ್ತು. ನಾಲ್ಕೂವರೆ ವರ್ಷ, ದಿನಕ್ಕೆ ಹದಿನೆಂಟು ಗಂಟೆಯವರೆಗೆ ದುಡಿತ. ಲೆಕ್ಕ ಹಾಕಿದರೆ ಗಂಟೆಗೆ ಹನ್ನೊಂದು ಪೆನ್ಸ್ ಕೂಲಿ. ಜಾತಿಯ ಕಾರಣಕ್ಕೂ ತನ್ನನ್ನು ಕೀಳಾಗಿ ಕಂಡರು ಎಂಬುದು ಅವಳ ದೂರು. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಜಾತಿ ಎಂಬ ಪದ ರಕ್ಷಣೆಯ ಪಟ್ಟಿಯಲ್ಲಿಲ್ಲ. ಆದರೂ ‘ಜನಾಂಗೀಯ ಮೂಲ’ ಎಂಬ ಮಾತಿನೊಳಗೆ ಜಾತಿಯೂ ಬರಬಹುದು ಎಂದು ಮೇಲ್ಮನವಿ ಮಂಡಳಿ 2014ರಲ್ಲಿ ಒಪ್ಪಿತು. ಮರುವರ್ಷ ಅವಳಿಗೆ ಕನಿಷ್ಠ ವೇತನದ ಬಾಕಿಯೆಂದೇ 1,83,000 ಪೌಂಡಿಗೂ ಹೆಚ್ಚು ಹಣ ಸಿಗಬೇಕೆಂದು ಆದೇಶವಾಯಿತು. ಮನೆಯವರಂತೆ ಜೊತೆಗಿರುವವರಿಗೆ ಕನಿಷ್ಠ ವೇತನ ಕೊಡಬೇಕಿಲ್ಲ ಎಂಬ ವಿನಾಯಿತಿಯೂ ಅಲ್ಲಿನ ಕಾನೂನಿನಲ್ಲಿ ಇತ್ತು. 2024ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿದರು. ‘ಮನೆಮಗಳಂತೆ ನೋಡಿಕೊಂಡಿದ್ದೇವೆ’ ಎಂಬ ಮಾತು ನಮ್ಮಲ್ಲೂ ಎಷ್ಟು ಮನೆಗಳಲ್ಲಿ ಸಂಬಳದ ಬದಲು ಸಂದಾಯವಾಗಿದೆ!

ನಮ್ಮ ಕಾರ್ಮಿಕ ಕಾನೂನಿಗೂ ಈ ಲೋಕದ ನಂಟಿದೆ. ಗ್ರೇಸ್ ಇನ್‌ನಲ್ಲಿ ಕಲಿತ ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಅವರ ಅವಧಿಯಲ್ಲಿ ಬಂದ 1946ರ ತಿದ್ದುಪಡಿಯಿಂದ ಕಾರ್ಖಾನೆಗಳ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಆ ಇನ್‌ನಿಂದ ವಿಕ್ಟರಿ ಹೌಸ್‌ಗೆ ನಡೆದೇ ಹೋಗಬಹುದು.

ಅಲ್ಲಿ ಇಂದೂ ಯಾರೋ ಒಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ತಮ್ಮ ಸಂಬಳ ಚೀಟಿಗಳನ್ನು ಮಡಚಿಟ್ಟುಕೊಂಡು ಕಾಯುತ್ತಿರುತ್ತಾರೆ. ತಮಗಾದ ಅವಮಾನವನ್ನು ಮನೆಯವರಿಗೆ, ನೆಂಟರಿಗೆ ಎಷ್ಟೋ ಸಲ ಹೇಳಿಕೊಂಡಿರುತ್ತಾರೆ; ಕೇಳಿದವರು ‘ಬಿಟ್ಟುಬಿಡು, ಬೇರೆ ಕೆಲಸ ನೋಡಿಕೋ’ ಎಂದಿರುತ್ತಾರೆ. ಈಗ ಮೊದಲ ಬಾರಿಗೆ ಒಬ್ಬರು ಆ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ತಾರೀಖಿನ ಪ್ರಕಾರ ಜೋಡಿಸಿ, ಮೇಲಿನ ಹಾಳೆಯ ಮೂಲೆಯಲ್ಲಿ ‘1’ ಎಂದು ಬರೆಯುತ್ತಾರೆ.