ಹಳೆಯ ಗಣಕಯಂತ್ರದ ಸ್ಮೃತಿಯನ್ನು ತೆರವುಗೊಳಿಸುವ ಕ್ರಮ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಶಾಸನ ದೇವಾಲಯಗಳನ್ನು ಕುರಿತು ಕ್ಷೇತ್ರಕಾರ್ಯ ಮಾಡುವವರ ಸಂಗ್ರಹವೆಲ್ಲ ಈಗ ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ಇರುತ್ತದೆ. ಯಂತ್ರವು ಹಳೆಯದಾದಂತೆ ಅದರ ಗತಿ ಮಂದವಾಗಿ, ಸ್ಮೃತಿ ಸಾಲದೆಂಬ ಸೂಚನೆ ಪರದೆಯ ಮೇಲೆ ಮೂಡುವುದುಂಟು. ಆಗ ಅನೇಕರು ಛಾಯಾಚಿತ್ರಗಳನ್ನು ಅಳಿಸತೊಡಗುತ್ತಾರೆ. ಈ ಉಪಾಯವು ಸಾಮಾನ್ಯವಾಗಿ ನಿಷ್ಫಲ, ಕೆಲವೊಮ್ಮೆ ಅನರ್ಥಕಾರಿ. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಗಣಕದಲ್ಲಿ ಎರಡು ಬಗೆಯ ಸ್ಥಳಗಳಿವೆ. ಹಾರ್ಡ್ ಡಿಸ್ಕ್ ಎಂಬುದು ಉಗ್ರಾಣ. ರ‍್ಯಾಮ್ ಎಂಬುದು ಕೆಲಸ ನಡೆಯುವ ಸ್ಥಳ. ಇಳಕಲ್ಲಿನ ನೇಕಾರನ ಮನೆಯನ್ನು ನೆನೆಯೋಣ. ಪೆಟ್ಟಿಗೆಯಲ್ಲಿ ನೂಲು ಎಷ್ಟೇ ಇದ್ದರೂ ಮಗ್ಗಕ್ಕೆ ಭಾರವಿಲ್ಲ. ಮಗ್ಗದ ಮೇಲೆ ಏರಿಸಿದುದು ಮಾತ್ರ ಅದರ ಸ್ಥಳವನ್ನು ಆಕ್ರಮಿಸುತ್ತದೆ. ಹಾಗೆಯೇ ಡಿಸ್ಕಿನಲ್ಲಿ ಸುಮ್ಮನಿರುವ ಚಿತ್ರವು ರ‍್ಯಾಮಿನಲ್ಲಿ ಸ್ಥಳವನ್ನು ಹಿಡಿಯುವುದಿಲ್ಲ. ತೆರೆದ ಚಿತ್ರವು ಹಿಡಿಯುತ್ತದೆ.

ಎಷ್ಟು ಹಿಡಿಯುತ್ತದೆ? ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ ಶಾಸನವನ್ನು (ಶಕ 556, ಕ್ರಿ.ಶ. 634-35) 2 ಕೋಟಿ 40 ಲಕ್ಷ ಬಿಂದುಗಳ ಕ್ಯಾಮೆರಾದಿಂದ ತೆಗೆದೆವೆನ್ನೋಣ. ಡಿಸ್ಕಿನಲ್ಲಿ ಅದು ಸಂಕುಚಿತ ರೂಪದಲ್ಲಿರುವುದರಿಂದ ಕಡತ ಚಿಕ್ಕದು. ತೆರೆದಾಗ ಬಿಂದುವೊಂದಕ್ಕೆ 3 ಬೈಟಿನಂತೆ 72 ಮೆಗಾಬೈಟು ಬೇಕು. ಹತ್ತು ಚಿತ್ರಗಳನ್ನು ಒಟ್ಟಿಗೆ ತೆರೆದರೆ 720 ಮೆಗಾಬೈಟು. 2 ಗಿಗಾಬೈಟು ಸ್ಮೃತಿಯುಳ್ಳ ಯಂತ್ರಕ್ಕೆ ಇದು ಮೂರನೆಯ ಒಂದು ಪಾಲಿಗೂ ಹೆಚ್ಚು. ಸ್ಥಳ ಮುಗಿದಾಗ ಯಂತ್ರವು ರ‍್ಯಾಮಿನ ಭಾಗವನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ತಿರುಗುವ ಡಿಸ್ಕು ರ‍್ಯಾಮಿಗಿಂತ ಬಹಳ ನಿಧಾನವಾದುದರಿಂದ ಗತಿ ಕುಂಠಿತವಾಗುತ್ತದೆ.

ಆದುದರಿಂದ ಅನುಸರಿಸಬೇಕಾದ ಕ್ರಮವಿದು. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಕಾರ್ಯಕ್ರಮ ಎಷ್ಟು ಸ್ಮೃತಿಯನ್ನು ಬಳಸುತ್ತಿದೆಯೆಂಬುದನ್ನು ಅಲ್ಲಿ ಕಾಣಬಹುದು. ಬರೆದುದನ್ನು ಉಳಿಸಿಕೊಂಡ ಮೇಲೆ ಬೇಡವಾದವುಗಳನ್ನು ಮುಚ್ಚಬೇಕು. ಬ್ರೌಸರಿನಲ್ಲಿ ತೆರೆದ ಪುಟಗಳನ್ನು ಮಿತಗೊಳಿಸಬೇಕು. ಯಂತ್ರದೊಡನೆ ತಾವಾಗಿಯೇ ಆರಂಭವಾಗುವ ಕಾರ್ಯಕ್ರಮಗಳಲ್ಲಿ ಅನಾವಶ್ಯಕವಾದವನ್ನು ತಡೆಯಬೇಕು. ಇಷ್ಟಕ್ಕೂ ಸಾಲದಿದ್ದರೆ ರ‍್ಯಾಮನ್ನು ಹೆಚ್ಚಿಸಬಹುದು. ಆದರೆ 32 ಬಿಟ್ಟಿನ ಸಾಮಾನ್ಯ ವಿಂಡೋಸ್ 4 ಗಿಗಾಬೈಟಿಗಿಂತ ಹೆಚ್ಚನ್ನು ಬಳಸಲಾರದು. ಸ್ಮೃತಿಯನ್ನು ಶುಚಿಗೊಳಿಸುವೆವೆನ್ನುವ ಕಾರ್ಯಕ್ರಮಗಳು ಬಹುಮಟ್ಟಿಗೆ ರ‍್ಯಾಮಿನಲ್ಲಿರುವುದನ್ನು ಡಿಸ್ಕಿಗೆ ತಳ್ಳುತ್ತವೆ. ಅದನ್ನು ಪುನಃ ತರಬೇಕಾಗುವುದರಿಂದ ಲಾಭವಿಲ್ಲ.

ಇದಕ್ಕೊಂದು ಅಪವಾದವುಂಟು. ಡಿಸ್ಕು ಪೂರ್ತಿ ತುಂಬಿದ್ದರೆ ಸ್ಮೃತಿಯ ಭಾಗವನ್ನು ಸಾಗಿಸಲು ಎಡೆಯಿರುವುದಿಲ್ಲ. ಆಗ ತಾತ್ಕಾಲಿಕ ಕಡತಗಳನ್ನೂ ಕಸದ ಬುಟ್ಟಿಯನ್ನೂ ಮೊದಲು ತೆರವುಗೊಳಿಸಬೇಕೇ ಹೊರತು ಸಂಗ್ರಹವನ್ನಲ್ಲ.

ಬಾದಾಮಿಯ ಬಂಡೆಯ ಮೇಲಿನ ಪುಲಕೇಶಿಯ ಶಾಸನವು (ಶಕ 465, ಕ್ರಿ.ಶ. 543) ಅಲ್ಲಿಯೇ ಇದೆ, ಅದರ ಚಿತ್ರ ಹೋದರೆ ಮತ್ತೆ ತೆಗೆಯಬಹುದು. ಆದರೆ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಡೆಯಾದ ಹಳೆಯ ಬಾಗಲಕೋಟೆಯ ಬೀದಿಗಳ ಚಿತ್ರವನ್ನು ಇನ್ನಾರೂ ತೆಗೆಯಲಾರರು. ಅಂಥ ಸಂಗ್ರಹದ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆಗಳಲ್ಲಿ ಇರಿಸಿ, ಅವು ತೆರೆಯುವುವೆಂಬುದನ್ನು ಪರೀಕ್ಷಿಸಿದ ತರುವಾಯವೇ ಯಂತ್ರವನ್ನು ಹಗುರಗೊಳಿಸುವ ಕಾರ್ಯಕ್ಕೆ ಕೈಹಾಕುವುದು ವಿಹಿತ.