ಇಳಿದ ತೂಕ ಮತ್ತೆ ಏರಿದಾಗ

ನಮ್ಮ ಮನೆಯಂಗಳದ ತೂಕದ ಯಂತ್ರ ಮನುಷ್ಯರಿಗಾಗಿ ತಂದದ್ದಲ್ಲ, ಅಡಿಕೆ ಮೂಟೆ ಇಡಲು ತಂದದ್ದು. ಚನ್ನಗಿರಿ ತಾಲೂಕಿನ ಉಬ್ರಾಣಿಯಲ್ಲಿ ನಾವಿರುವುದೇ ಅಡಿಕೆಯ ದೆಸೆಯಿಂದ. ಕರಾವಳಿಯಿಂದ ಘಟ್ಟ ಹತ್ತಿ ಬಂದು ತೋಟ ಚೇಣಿ ಹಿಡಿಯುವ ಬ್ಯಾರಿ ಮನೆಗಳಲ್ಲಿ ನಮ್ಮದೂ ಒಂದು. ಎರಡು ವರ್ಷದ ಹಿಂದೆ, ಕೊಯ್ಲು ಮುಗಿದ ಜನವರಿಯಲ್ಲಿ, ಗಂಡಸರೆಲ್ಲ ಮಸೀದಿಗೆ ಹೋದ ಹೊತ್ತು ನೋಡಿ ನಾವು ಆ ಯಂತ್ರದ ಮೇಲೆ ನಿಂತೆವು. ಇಲ್ಲಿ 'ನಾವು' ಅಂದರೆ ಒಂದೇ ಅಡುಗೆಮನೆಯ ಇಬ್ಬರು, ಅತ್ತಿಗೆ ಮತ್ತು ನಾದಿನಿ. ಅತ್ತಿಗೆ 78 ಕಿಲೋ, ನಾದಿನಿ 71. ನಾದಿನಿ ಕೆಳಗಿಳಿದು, "ಯಂತ್ರ ಸರಿ ಇಲ್ಲ ಅಂತ ಕಾಣುತ್ತದೆ" ಅಂದಳು. ಹತ್ತಿರದಲ್ಲಿದ್ದ 50 ಕಿಲೋದ ಅಕ್ಕಿ ಮೂಟೆ ಇಟ್ಟು ನೋಡಿದೆವು. ಯಂತ್ರ ಸರಿಯಾಗಿಯೇ ಇತ್ತು.

ಚಂದ ಕಾಣಬೇಕೆಂದು ಹೊರಟವರಲ್ಲ ನಾವು. ಮನೆಯ ಉಮ್ಮನಿಗೆ ಸಕ್ಕರೆ ಕಾಯಿಲೆ. ಚಪ್ಪಲಿ ಉಜ್ಜಿ ಆದ ಸಣ್ಣ ಗಾಯ ಮಾಯದೆ ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಅದಾದ ಮೇಲೆ ಅತ್ತಿಗೆಯ ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 118. ನೂರರಿಂದ 125ರ ನಡುವೆ ಬಂದರೆ ಅದು ಕಾಯಿಲೆಯ ಹೊಸ್ತಿಲು. ಒಳಗೆ ಹೋಗಿಲ್ಲ, ಹೊರಗೂ ಉಳಿದಿಲ್ಲ. ದೇಶದಲ್ಲಿ ಈ ಹೊಸ್ತಿಲ ಮೇಲೆ ನಿಂತವರೇ 13.6 ಕೋಟಿ ಜನ, ಒಳಗೆ ಹೋದವರು 10.1 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿತು. ನಮ್ಮ ರಾಜ್ಯದ ಹೆಂಗಸರಲ್ಲಿ ಮಿತಿಮೀರಿದ ತೂಕದವರು 2015–16ರಲ್ಲಿ ನೂರಕ್ಕೆ 23 ಇದ್ದದ್ದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ 30 ಆಗಿತ್ತು. ನಮ್ಮ ಮನೆಯೊಳಗೆ ಲೆಕ್ಕ ಹಾಕಿದರೆ ನೂರಕ್ಕೆ ನೂರು.

ಮೊದಲ ತಿಂಗಳು ಹಬ್ಬವಾಗಿತ್ತು. ರಾತ್ರಿಯ ಅನ್ನ ಬಿಟ್ಟೆವು, ಚಹಾದ ಸಕ್ಕರೆ ಬಿಟ್ಟೆವು, ಸುಬಹಿ ನಮಾಝ್ ಮುಗಿಸಿ ತೋಟದ ದಾರಿಯಲ್ಲಿ ಮುಕ್ಕಾಲು ಗಂಟೆ ನಡೆದೆವು. ಪಕ್ಕದ ಮನೆಯ ಅಕ್ಕನೂ ಜೊತೆಗೂಡಿದರು. ಈ ಕಡೆ ಮುಸ್ಲಿಮರೆಲ್ಲ ಉರ್ದು ಮಾತಾಡುವವರು ಎಂದೇ ಜನರ ಎಣಿಕೆ, ಹಾಗಾಗಿ ನಾವಿಬ್ಬರೂ ಅವರಿಗೆ 'ಭಾಬಿ'. ನಾವು ನಮ್ಮೊಳಗೆ ಬ್ಯಾರಿ ಮಾತಾಡಿದರೆ, "ಅದ್ಯಾವ ಭಾಷೆ ರೀ, ತುಳುನಾ?" ಅಂತ ಕೇಳುತ್ತಿದ್ದರು. ತಿಂಗಳ ಕೊನೆಗೆ ಅತ್ತಿಗೆ 75ಕ್ಕೆ ಬಂದಳು. ಹೀಗೇ ಹೋದರೆ ಬಕ್ರೀದ್ ಹೊತ್ತಿಗೆ 65 ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೂ ಆಯಿತು.

ಎರಡನೇ ತಿಂಗಳು ಅದೇ ಊಟ, ಅದೇ ನಡಿಗೆ. ಆದರೆ ಯಂತ್ರ 75ರಲ್ಲೇ ನಿಂತಿತು. ಒಂದು ವಾರ 75.4, ಇನ್ನೊಂದು ವಾರ 74.9, ಮತ್ತೆ 75.3. ಹೊಟ್ಟೆ ಕಟ್ಟಿಕೊಂಡವನಿಗೆ ಕೂಲಿ ಸಿಗದಿದ್ದರೆ ಹೇಗಾಗುತ್ತದೋ ಹಾಗಾಯಿತು. ನಾದಿನಿ ನಡಿಗೆಗೆ ಬರುವುದನ್ನೇ ಬಿಟ್ಟಳು.

ಅದರ ಗುಟ್ಟು ನಮ್ಮ ಅಂಗಳದಲ್ಲೇ ಇತ್ತು, ನಮಗೆ ಹೊಳೆದಿರಲಿಲ್ಲ. ಬೇಯಿಸಿದ ಅಡಿಕೆಯನ್ನು ಒಣಗಲು ಹರಡಿದರೆ ಮೊದಲ ಎರಡು ಮೂರು ಬಿಸಿಲಿಗೆ ತೂಕ ಸರ್ರನೆ ಇಳಿಯುತ್ತದೆ. ಹೋಗುವುದು ನೀರು. ಆಮೇಲಿನ ಇಳಿಕೆ ನಿಧಾನ. ಮೈಯಲ್ಲೂ ಮೊದಲು ಖರ್ಚಾಗುವುದು ಈಲಿ ಮತ್ತು ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅದರ ಜೊತೆ ಅದು ಹಿಡಿದಿಟ್ಟುಕೊಂಡಿದ್ದ ನೀರು. ಅನ್ನ ಕಡಿಮೆ ಮಾಡಿದ ಮೊದಲ ವಾರಗಳಲ್ಲಿ ಇಳಿಯುವ ತೂಕದಲ್ಲಿ ಅದರದ್ದೇ ದೊಡ್ಡ ಪಾಲು. ಕೊಬ್ಬು ಕರಗುವುದು ಅಷ್ಟು ಅವಸರದ ಕೆಲಸವಲ್ಲ. ಮೊದಲ ತಿಂಗಳ ಮೂರು ಕಿಲೋವನ್ನು ಲೆಕ್ಕಕ್ಕೆ ಹಿಡಿದು ವರ್ಷದ ಗುರಿ ಬರೆದದ್ದು, ಹಸಿ ಅಡಿಕೆ ತೂಕ ನೋಡಿ ಒಣ ಅಡಿಕೆಯ ದುಡ್ಡು ಎಣಿಸಿದ ಹಾಗೆ. ಮನೆಯ ಗಂಡಸರು ಅಂಥ ತಪ್ಪನ್ನು ತೋಟದಲ್ಲಿ ಮಾಡಿದ್ದರೆ ನಾವು ಸುಮ್ಮನಿರುತ್ತಿದ್ದೆವಾ?

ಆ ಮೇಲೆ ರಮಝಾನ್ ಬಂತು. ಹಗಲೆಲ್ಲ ಉಪವಾಸ, ತೂಕ ತಾನಾಗಿ ಇಳಿಯುತ್ತದೆ ಅಂತ ಅಂದುಕೊಂಡಿದ್ದೆವು. ಹೊಟ್ಟೆಯ ಮೂರನೇ ಒಂದು ಪಾಲು ಮಾತ್ರ ಊಟಕ್ಕೆ ಎಂಬ ಪ್ರವಾದಿವರ್ಯರ ಉಪದೇಶವನ್ನು ಪ್ರತಿ ವರ್ಷ ಕೇಳುತ್ತೇವೆ, ಕೇಳುವ ಹೊತ್ತಿಗೇ ಒಳಗೆ ಸಮೋಸ ಎಣ್ಣೆಗೆ ಬೀಳುತ್ತಿರುತ್ತದೆ. ಇಫ್ತಾರ್‌ಗೆ ಕರಿದದ್ದು, ಶರಬತ್ತು, ಮೇಲೆ ಜೀರಿಗೆ ಗಂಜಿ. ತರಾವೀಹ್ ಮುಗಿಸಿ ಬಂದ ಮಕ್ಕಳ ಜೊತೆ ಅಕ್ಕಿರೊಟ್ಟಿ, ಕೋಳಿ ಸಾರು. ಮತ್ತೆ ಅತ್ತಾಳಕ್ಕೆ ಅನ್ನ. ಈದ್ ಕಳೆದು ನಿಂತರೆ 76.5.

ಮೇ ತಿಂಗಳಲ್ಲಿ ಊರಿನಲ್ಲಿ ಮದುವೆ. ಮೆಹಂದಿಯಿಂದ ಹಿಡಿದು ಮದುಮಗನ ಔತಣದವರೆಗೆ ಒಂದು ವಾರ ತುಪ್ಪದನ್ನ, ಬಿರಿಯಾನಿ. ಅದನ್ನು ತಡೆದುಕೊಂಡೆವು ಅಂತಲೇ ಇಟ್ಟುಕೊಳ್ಳಿ, ಮಾತನ್ನು ತಡೆಯುವುದು ಹೇಗೆ? "ಘಟ್ಟದ ಗಾಳಿ ಚೆನ್ನಾಗಿ ಹಿಡಿದಿದೆ ನಿಮಗೆ" ಅಂದರು ಒಬ್ಬ ಸಂಬಂಧಿಕರು, ಹತ್ತು ಜನರ ಎದುರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ನಾಲ್ಕು ತಿಂಗಳು ಕತ್ತಲಲ್ಲಿ ಎದ್ದು ನಡೆದದ್ದು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂಬ ಸಂಕಟಕ್ಕೆ ಅವತ್ತು ರಾತ್ರಿ ಅತ್ತಿಗೆ ಎರಡು ಸಲ ಬಡಿಸಿಕೊಂಡು ತಿಂದಳು. ನಾಚಿಕೆ ಹಸಿವನ್ನು ಕೊಲ್ಲುವುದಿಲ್ಲ, ಕೆರಳಿಸುತ್ತದೆ. ಮಕ್ಕಳ ತೂಕದ ಬಗ್ಗೆ ನೆಂಟರೆದುರು ತಮಾಷೆ ಮಾಡುವ ಹಿರಿಯರು ಇದನ್ನೊಂದು ದಯವಿಟ್ಟು ಗಮನಿಸಬೇಕು.

ಅದೇ ಮದುವೆಮನೆಯಲ್ಲಿ ಒಬ್ಬರು ಹಾಲಿಗೆ ಕಲಸಿ ಕುಡಿಯುವ ಪುಡಿಯ ಡಬ್ಬಿ ಕೊಟ್ಟರು. ಡಬ್ಬಿಗೆ ಎರಡು ಸಾವಿರದ ಮೇಲೆ. ಎರಡು ಹೊತ್ತು ಅದನ್ನೇ ಕುಡಿಯಬೇಕು, ಊಟ ಒಂದೇ ಹೊತ್ತು. ಆರು ವಾರದಲ್ಲಿ ನಾದಿನಿ ಐದು ಕಿಲೋ ಇಳಿದಳು, ದಮ್ಮಾಮಿನಲ್ಲಿರುವ ಗಂಡನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದ್ದೂ ಆಯಿತು. ಡಬ್ಬಿ ಮುಗಿಯಿತು, ಮತ್ತೆ ತರಿಸುವಷ್ಟು ದುಡ್ಡಿರಲಿಲ್ಲ. ಎರಡೂವರೆ ತಿಂಗಳಲ್ಲಿ ಐದಕ್ಕೆ ಆರು ಕಿಲೋ ವಾಪಸು ಬಂತು. ಜೊತೆಗೆ ಬಾಚಣಿಗೆಯ ತುಂಬ ಕೂದಲು.

"ನನ್ನಿಂದಾಗುವ ಕೆಲಸ ಅಲ್ಲ ಇದು" ಅಂತ ಅವಳು ಅತ್ತದ್ದನ್ನು ನಾವು ಮರೆತಿಲ್ಲ. ಮನಸ್ಸು ಗಟ್ಟಿಯಿಲ್ಲದವರು ದಪ್ಪಗಾಗುತ್ತಾರೆ ಎಂಬ ಮಾತನ್ನು ಸುತ್ತಲಿನವರಿಗಿಂತ ಮೊದಲು ನಾವೇ ನಂಬಿರುತ್ತೇವೆ. ಅದು ಸುಳ್ಳು ಎನ್ನಲು ಆಧಾರವಿದೆ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ದಪ್ಪಗಿದ್ದ 50 ಜನರಿಗೆ ಹತ್ತು ವಾರ ತೀರಾ ಕಡಿಮೆ ಊಟ ಕೊಟ್ಟು ತೂಕ ಇಳಿಸಿದರು. ಅದರ ವರದಿ ಬಂದದ್ದು 2011ರಲ್ಲಿ. ಒಂದು ವರ್ಷ ಕಳೆದ ಮೇಲೆ ನೋಡಿದರೂ ಅವರ ರಕ್ತದಲ್ಲಿ ಹಸಿವು ಹುಟ್ಟಿಸುವ ಹಾರ್ಮೋನು ಮೊದಲಿಗಿಂತ ಹೆಚ್ಚೇ ಇತ್ತು, ಹೊಟ್ಟೆ ತುಂಬಿತು ಎಂದು ಹೇಳುವ ಹಾರ್ಮೋನುಗಳು ಕಡಿಮೆ ಇದ್ದವು. ಅಂದರೆ ಮೈ ತೂಕ ಕಳೆದುಕೊಂಡದ್ದನ್ನು ಬರಗಾಲ ಅಂತ ತಿಳಿಯುತ್ತದೆ, ಕಳೆದದ್ದನ್ನು ವಾಪಸು ತರಲು ವರ್ಷಗಟ್ಟಲೆ ಹಟ ಹಿಡಿಯುತ್ತದೆ. ತೂಕ ಮತ್ತೆ ಏರಿದರೆ ಅದು ನಮ್ಮ ಗುಣದ ದೋಷವಲ್ಲ.

ಈ ವಿವರಗಳೆಲ್ಲ ನಮಗೆ ತಿಳಿದದ್ದು ಆಮೇಲೆ. ಅದಕ್ಕೂ ಮೊದಲು ಕೊಯ್ಲು ಬಂತು. ಕೊಯ್ಲಿನ ನಾಲ್ಕು ತಿಂಗಳು ಈ ಕಡೆ ಮನೆ ಮನೆಯಲ್ಲ, ಛತ್ರ. ರಾತ್ರಿ ಹನ್ನೊಂದರವರೆಗೆ ಸುಲಿಯುವವರು, ಬೇಯಿಸುವ ಹಂಡೆ, ಗಂಟೆಗೊಮ್ಮೆ ಚಹಾ. ಕೆಲಸದವರಿಗೆ ತರಿಸಿದ ಮಂಡಕ್ಕಿ, ಮಿರ್ಚಿ ನಮ್ಮ ಕೈಗೂ ಬರುತ್ತದೆ. ಒಮ್ಮೆ ಎಣಿಸಿದೆವು: ದಿನಕ್ಕೆ ಆರು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ, ಹತ್ತಿರ ಹತ್ತಿರ 50 ಗ್ರಾಂ. ಇಡೀ ದಿನದಲ್ಲಿ ಅಷ್ಟು ದಾಟಬಾರದು, ಅದರ ಅರ್ಧಕ್ಕೆ ನಿಂತರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗಿನ ನಡಿಗೆಯೂ ನಿಂತಿತ್ತು. ತೋಟದ ಕಡೆ ಕಾಡಾನೆ ಬಂದಿದೆ ಎಂಬ ಸುದ್ದಿ ಹಬ್ಬಿದ ಮೇಲೆ ಕತ್ತಲಲ್ಲಿ ಹೊರಡುವ ಧೈರ್ಯ ಯಾರಿಗಿತ್ತು! ಮುಂದಿನ ಜನವರಿಯಲ್ಲಿ ಅತ್ತಿಗೆ 77. ಒಂದು ವರ್ಷಕ್ಕೆ ಒಂದು ಕಿಲೋ.

ಉಮ್ಮನ ಕಾಲು ತೋರಿಸಲು ಭದ್ರಾವತಿಗೆ ಹೋದಾಗ ಅಲ್ಲಿನ ವೈದ್ಯರಲ್ಲಿ ಇದನ್ನು ಹೇಳಿಕೊಂಡೆವು. ಬೈಗುಳ ಕಾದಿದೆ ಅಂತಲೇ ತಿಳಿದಿದ್ದೆವು. ಅವರು ಸೊಂಟಕ್ಕೆ ಟೇಪು ಹಿಡಿಸಿದರು. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಎಚ್ಚರ ಬೇಕು ಅಂದರು. ಅತ್ತಿಗೆಯದು 98 ಇತ್ತು. ಥೈರಾಯ್ಡ್ ಪರೀಕ್ಷೆಯನ್ನೂ ಬರೆದುಕೊಟ್ಟರು, ಅದು ಕೈಕೊಟ್ಟಿದ್ದರೆ ಎಷ್ಟು ನಡೆದರೂ ತೂಕ ಜಗ್ಗುವುದು ಕಷ್ಟವಂತೆ. ಆ ಮೇಲೆ ಚೆನ್ನೈಯ ಒಂದು ಅಧ್ಯಯನದ ವಿಷಯ ತೆಗೆದರು. ನಮ್ಮ ಎರಡು ವರ್ಷದಲ್ಲಿ ಅಷ್ಟು ಸಮಾಧಾನ ಕೊಟ್ಟ ಮಾತು ಇನ್ನೊಂದಿಲ್ಲ.

ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಆರಿಸಿ, ಒಂದು ಗುಂಪಿಗೆ ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ಕಡಿಮೆ ಸಕ್ಕರೆ, ಕಡಿಮೆ ಎಣ್ಣೆ, ಹೆಚ್ಚು ನಾರಿನ ಊಟ ಎಂದು ಹೇಳಿಕೊಟ್ಟರು. 2006ರಲ್ಲಿ ಫಲಿತಾಂಶ ಬಂತು. ಏನೂ ಮಾಡದೆ ಇದ್ದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಜನರಿಗೆ ಕಾಯಿಲೆ ಬಂದಿತ್ತು, ನಡೆದು ಊಟ ಬದಲಿಸಿದವರಲ್ಲಿ 39 ಜನರಿಗೆ. ಆದರೆ ಈ ನಡೆದವರ ಸರಾಸರಿ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ! ಯಂತ್ರ ಕದಲದಿದ್ದಾಗಲೂ ಒಳಗೆ ಕೆಲಸ ನಡೆಯುತ್ತಿತ್ತು.

ತೂಕ ಇಳಿಯುವುದು ಬೇಡ ಅಂತ ಇದರ ಅರ್ಥ ಅಲ್ಲ. ಇದ್ದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದು ನಿಂತರೂ ಸಕ್ಕರೆ, ಬಿಪಿ, ಮೊಣಕಾಲಿಗೆ ಲಾಭವಿದೆ. 78 ಕಿಲೋದವಳಿಗೆ ಅದು ನಾಲ್ಕು ಕಿಲೋ. ನಾವು ಕ್ಯಾಲೆಂಡರಿನಲ್ಲಿ ಬರೆದದ್ದು ಹದಿಮೂರು.

ಈ ಎರಡನೇ ವರ್ಷ ನಾವು ದೊಡ್ಡದಾಗಿ ಏನನ್ನೂ ಬಿಟ್ಟಿಲ್ಲ. ಐದು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿತ್ತು, ಈಗ ಮೂರೂವರೆ. ಡಬ್ಬಿಯ ಮೇಲೆ ತಾರೀಖು ಬರೆಯುತ್ತೇವೆ, ಅಷ್ಟೇ ಲೆಕ್ಕ. ಪಕ್ಕದ ಮನೆಯ ಅಕ್ಕ ಕಲಿಸಿದ ರಾಗಿ ಮುದ್ದೆ, ಸೊಪ್ಪಿನ ಸಾರು ವಾರಕ್ಕೆ ನಾಲ್ಕು ಮಧ್ಯಾಹ್ನ. ಮಕ್ಕಳು ಮೊದಲು ಮುದ್ದೆಯನ್ನು ಪುಂಡಿಯ ಹಾಗೆ ಕಚ್ಚಿ ತಿಂದು ನಗಿಸಿದರು. ಬಿರಿಯಾನಿ ಶುಕ್ರವಾರ ಇದೆ, ಒಂದೇ ಸಲ ಬಡಿಸಿಕೊಳ್ಳುವುದು. ಆನೆ ಸುದ್ದಿ ಇದ್ದ ದಿನ ಅಡಿಕೆ ಒಣಗಿಸುವ ಕಣದಲ್ಲೇ ಸುತ್ತು ಹಾಕುತ್ತೇವೆ, ನಲವತ್ತು ಸುತ್ತಿಗೆ ಅರ್ಧ ಗಂಟೆ. ನೋಡುವವರಿಗೆ ಗಾಣದ ಎತ್ತಿನ ಹಾಗೆ ಕಾಣಬಹುದು, ಕಾಣಲಿ. ತೂಕ ನೋಡುವುದು ತಿಂಗಳಿಗೊಮ್ಮೆ, ಟೇಪು ಹಿಡಿಯುವುದೂ ಅವತ್ತೇ.

ತಪ್ಪುವುದು ಈಗಲೂ ಇದೆ. ಕಳೆದ ರಮಝಾನಿನಲ್ಲಿ ಮೊದಲ ಹತ್ತು ದಿನ ಕರಿದದ್ದು ಬೇಡ ಎಂದು ನಿಂತೆವು, ಹನ್ನೊಂದನೇ ದಿನ ಮಕ್ಕಳು ಗೆದ್ದರು. ಮೊದಲಾದರೆ 'ಹೇಗೂ ಕೆಟ್ಟಿತು' ಅಂತ ಉಳಿದ ಹತ್ತೊಂಬತ್ತು ದಿನವನ್ನೂ ಬಿಟ್ಟುಬಿಡುತ್ತಿದ್ದೆವು. ಈ ಸಲ ಹನ್ನೆರಡನೇ ದಿನ ಮತ್ತೆ ಹಣ್ಣು, ಗಂಜಿ. ನಡಿಗೆ ಬಿಟ್ಟು ವಾರ ಆದರೆ ಪಕ್ಕದ ಮನೆಯ ಅಕ್ಕ ಬಾಗಿಲಿಗೇ ಬಂದು, "ಏನ್ರೀ ಭಾಬಿ, ಸತ್ತೋದ್ರಾ ಹೆಂಗೆ?" ಅನ್ನುತ್ತಾರೆ. ಎದ್ದು ಹೋಗದೆ ಉಪಾಯವಿಲ್ಲ.

ಒಂದು ಎಚ್ಚರ ಮಾತ್ರ ಹೇಳಿಬಿಡಬೇಕು. ಉಮ್ಮನೂ ನಮ್ಮ ಜೊತೆ ರಾತ್ರಿ ಊಟ ಬಿಡುತ್ತೇನೆ ಎಂದು ಹೊರಟಿದ್ದರು. ಸಕ್ಕರೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಹಾಗೆ ಏಕಾಏಕಿ ಊಟ ಬಿಟ್ಟರೆ ಸಕ್ಕರೆ ತೀರಾ ಕೆಳಗಿಳಿದು ತಲೆ ತಿರುಗಿ ಬೀಳಬಹುದು. ಉಪವಾಸ ಹಿಡಿಯುವುದಿದ್ದರೂ ಮೊದಲೇ ವೈದ್ಯರನ್ನು ಕೇಳಿ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು. ಕಾಯಿಲೆ ಇದೆಯೋ ಇಲ್ಲವೋ ತಿಳಿಯದವರಿಗೆ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರವಿದೆ. 30 ದಾಟಿದವರಿಗೆ ಬಿಪಿ, ಸಕ್ಕರೆ ಅಲ್ಲಿ ದುಡ್ಡಿಲ್ಲದೆ ನೋಡುತ್ತಾರೆ.

ಹೋದ ತಿಂಗಳು ಅತ್ತಿಗೆ 74.2, ಸೊಂಟ 93, ಖಾಲಿ ಹೊಟ್ಟೆಯ ಸಕ್ಕರೆ 106. ನಾದಿನಿ 70ರ ಮೇಲೆಯೇ ಇದ್ದಾಳೆ, ಆದರೆ ಮಹಡಿಗೆ ಒಣಮೆಣಸಿನ ಚೀಲ ಹೊತ್ತು ಏದುಸಿರಿಲ್ಲದೆ ಹತ್ತುತ್ತಾಳೆ. ಈ ವರ್ಷದ ಚೇಣಿಯ ಮಾತುಕತೆ ಮುಗಿದಿದೆ, ಇನ್ನು ಕೆಲವು ವಾರಕ್ಕೆ ಗೊನೆ ಇಳಿಸುತ್ತಾರೆ. ಚಹಾದ ಸಕ್ಕರೆ ಡಬ್ಬಿಯನ್ನು ಮೊನ್ನೆ ಅಡುಗೆಮನೆಯಿಂದ ಎತ್ತಿ ಸುಲಿಯುವ ಶೆಡ್ಡಿನಲ್ಲಿ ಇಟ್ಟು ಬಂದೆವು. ಬೇಕಾದವರು ಅಲ್ಲೇ ಹಾಕಿಕೊಳ್ಳಲಿ.