ಪ್ರತಿಮೆಯ ಕೈಯಲ್ಲಿರುವ ಪುಸ್ತಕ

ಅಮೆರಿಕದ ಟೆನಿಸ್ ಆಟಗಾರ ಆರ್ಥರ್ ಆ್ಯಶ್ ಅವರ ಪ್ರತಿಮೆಯೊಂದನ್ನು 1996ರಲ್ಲಿ ಅವರ ಹುಟ್ಟೂರಾದ ರಿಚ್ಮಂಡ್‌ನಲ್ಲಿ ಸ್ಥಾಪಿಸಲಾಯಿತು. ಸುತ್ತ ಮಕ್ಕಳು, ಆ್ಯಶ್ ಅವರ ಒಂದು ಕೈಯಲ್ಲಿ ರ‍್ಯಾಕೆಟ್, ಇನ್ನೊಂದರಲ್ಲಿ ಪುಸ್ತಕಗಳು. ಪುಸ್ತಕಗಳಿರುವ ಕೈಯೇ ಮೇಲಿದೆ. ಅವರ ಆದರ್ಶಗಳ ನೆನಪಿಗೆ ಅಲ್ಲಿನ ಟೆನಿಸ್ ಸಂಸ್ಥೆಯು ಮಕ್ಕಳಿಗಾಗಿ ಪ್ರಬಂಧ ಮತ್ತು ಚಿತ್ರಕಲಾ ಸ್ಪರ್ಧೆಯನ್ನು ನಡೆಸಿಕೊಂಡು ಬಂದಿರುವುದನ್ನು ತಿಳಿದಾಗ ನನಗೆ ಮೊದಲು ನೆನಪಾದದ್ದು ಆ ಕೈ. ಬಡ ಬಡಾವಣೆಗಳ ಮಕ್ಕಳಿಗೆ ಟೆನಿಸ್ ಕಲಿಸಲೆಂದು ಆ್ಯಶ್ ಮತ್ತು ಅವರ ಗೆಳೆಯರು 1969ರಲ್ಲಿ ಆರಂಭಿಸಿದ ಕೇಂದ್ರಗಳ ಮಕ್ಕಳೇ ಇದರ ಸ್ಪರ್ಧಿಗಳು.

ಬಿಳಿಯರ ಉದ್ಯಾನದ ಅಂಗಣಕ್ಕೆ ಪ್ರವೇಶವಿಲ್ಲದೆ ಬೆಳೆದ ಈ ಹುಡುಗ 1968ರಲ್ಲಿ ಯು.ಎಸ್. ಓಪನ್, 1975ರಲ್ಲಿ ವಿಂಬಲ್ಡನ್ ಗೆದ್ದರು. ಎರಡನ್ನೂ ಗೆದ್ದ ಮೊದಲ ಕಪ್ಪು ಪುರುಷ ಅವರೇ. ಆದರೆ 1977ರಲ್ಲಿ ಅವರು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಕಪ್ಪು ಸಮುದಾಯದ ಪೋಷಕರಿಗೆ ಬರೆದ ಬಹಿರಂಗ ಪತ್ರ ಹೇಳಿದ್ದು, ಮಕ್ಕಳನ್ನು ಗ್ರಂಥಾಲಯಕ್ಕೆ ಕಳುಹಿಸಿ ಎಂದು. ಅರ್ಥಶಾಸ್ತ್ರ ಓದಿದ ನನ್ನಂಥವರಿಗೆ ಅದರ ತರ್ಕ ಪರಿಚಿತವೇ: ಸಾವಿರಾರು ಮಕ್ಕಳ ಎಳವೆಯ ಸಮಯ ಬೆರಳೆಣಿಕೆಯ ಸ್ಥಾನಗಳಿಗಾಗಿ ವ್ಯಯವಾಗುತ್ತದೆ, ನಮ್ಮ ಕಣ್ಣಿಗೆ ಬೀಳುವವರು ಗೆದ್ದವರು ಮಾತ್ರ. ಆದ್ದರಿಂದ ಶಾಲೆಗೆ ತಾರೆಯರ ಬದಲು ಬೆಂಚಿನಲ್ಲೇ ಉಳಿದವನನ್ನು, ಅವಕಾಶ ಸಿಗದವನನ್ನು ಕರೆಯಿರಿ, ಪದವಿ ಪಡೆದೆಯಾ ಎಂದು ಕೇಳಿ ಎಂಬುದು ಅವರ ಸಲಹೆ. ವಿಶ್ವವಿಜೇತನೊಬ್ಬನ ಬಾಯಿಂದ ಇಂಥ ಮಾತು ಅಪರೂಪ. ಇಂಥವರ ಹೆಸರಿನಲ್ಲಿ ಓಟದ ಸ್ಪರ್ಧೆಗಿಂತ ಪ್ರಬಂಧ ಸ್ಪರ್ಧೆಯೇ ಹೆಚ್ಚು ಸಲ್ಲುತ್ತದೆ.

ಆದರೂ ನನಗೊಂದು ಅಳುಕಿದೆ. ಸೇವೆಯಲ್ಲಿದ್ದಾಗ ಜಯಂತಿಗಳ ನಿಮಿತ್ತ ಏರ್ಪಡಿಸಿದ ಹಲವು ಪ್ರಬಂಧ ಸ್ಪರ್ಧೆಗಳಿಗೆ ತೀರ್ಪುಗಾರನಾಗಿದ್ದೆ. ಹತ್ತನೆಯ ಉತ್ತರಪತ್ರಿಕೆಗೆ ಬರುವಷ್ಟರಲ್ಲಿ ಮಹಾತ್ಮರೆಲ್ಲರೂ ಒಂದೇ ಅಚ್ಚಿನವರಾಗಿರುತ್ತಿದ್ದರು. ಅದೇ ವಿಶೇಷಣಗಳು, ಅದೇ ‘ಅವರ ಹಾದಿಯಲ್ಲಿ ನಾವು ಸಾಗೋಣ’. ಮಕ್ಕಳದ್ದಲ್ಲ ತಪ್ಪು, ಸ್ತುತಿಗೇ ಬಹುಮಾನವೆಂದು ಅವರಿಗೆ ಚೆನ್ನಾಗಿ ಗೊತ್ತು.

ಆ್ಯಶ್ ಅವರ ಬದುಕು ಸ್ತುತಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾ ಅವರಿಗೆ ಮತ್ತೆ ಮತ್ತೆ ವೀಸಾ ನಿರಾಕರಿಸಿತ್ತು. ಕೊನೆಗೆ 1973ರಲ್ಲಿ ವೀಸಾ ದೊರೆತಾಗ, ಪ್ರೇಕ್ಷಕರನ್ನು ಬಣ್ಣದ ಆಧಾರದಲ್ಲಿ ಬೇರ್ಪಡಿಸಕೂಡದೆಂಬ ಷರತ್ತು ಹಾಕಿ ಅವರು ಜೊಹಾನ್ಸ್‌ಬರ್ಗ್‌ಗೆ ಹೋಗಿ ಆಡಿದರು. ಇದರಿಂದ ಆ ಆಡಳಿತಕ್ಕೆ ಮನ್ನಣೆ ದೊರೆಯುತ್ತದೆಂದು ಅವರದೇ ಜನರಲ್ಲಿ ಅನೇಕರು ಆಕ್ಷೇಪಿಸಿದರು. ಮರುವರ್ಷ ಡೇವಿಸ್ ಕಪ್ ಫೈನಲ್ ತಲುಪಿದ ಭಾರತ, ಅದೇ ದೇಶದ ವಿರುದ್ಧ ಆಡಲು ನಿರಾಕರಿಸಿತು. ವಿಜಯ್ ಮತ್ತು ಆನಂದ್ ಅಮೃತರಾಜ್ ಸೋದರರಿದ್ದ ತಂಡ ಅದು. ಕಪ್ ಆಡದೆಯೇ ದಕ್ಷಿಣ ಆಫ್ರಿಕಾದ ಪಾಲಾಯಿತು. ಆ್ಯಶ್ ಮುಂದೆ ಬಹಿಷ್ಕಾರದ ಪಕ್ಷ ವಹಿಸಿ, 1985ರಲ್ಲಿ ವಾಷಿಂಗ್ಟನ್‌ನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿಯೆದುರು ಪ್ರತಿಭಟಿಸಿ ಬಂಧನಕ್ಕೊಳಗಾದರು.

ಹೋಗಿ ಆಡಿದ್ದು ಸರಿಯೋ, ನಮ್ಮವರು ಆಡದೆ ಬಿಟ್ಟದ್ದು ಸರಿಯೋ? ಆ ಸ್ಪರ್ಧೆಗೆ ವಿಷಯ ಸೂಚಿಸೆಂದು ನನ್ನನ್ನು ಯಾರೂ ಕೇಳಲಾರರು. ಕೇಳಿದ್ದರೆ ಇದನ್ನೇ ಕೊಡುತ್ತಿದ್ದೆ. ಹದಿನಾಲ್ಕರ ಬಾಲಕಿಯೊಬ್ಬಳು ಆ್ಯಶ್ 1973ರಲ್ಲಿ ಎಡವಿದರೆಂದು ಕಾರಣಸಹಿತ ಬರೆದರೆ, ಮೊದಲ ಬಹುಮಾನಕ್ಕೆ ಅವಳನ್ನು ಪರಿಗಣಿಸುವ ಧೈರ್ಯ ತೀರ್ಪುಗಾರರಿಗೂ ಬೇಕಾಗುತ್ತದೆ.